ಸಾಗರ ಸೀಮೆಯ ಹಳೆಯ ವಂಶಾವಳಿ: ಒಂದೇ ಹೆಸರಿನ ಗಂಡಸರನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ?

ಪ್ರಶ್ನೆ

ನಮ್ಮ ತಂದೆಯವರ ಊರು ಸಾಗರ ತಾಲ್ಲೂಕಿನಲ್ಲಿದೆ. ಮನೆಯಲ್ಲಿರುವ ಹಳೆಯ ಕಡತವೊಂದರಲ್ಲಿ, ಕೆಳದಿ ಅರಸರ ಕಾಲದಿಂದ ಬಂದದ್ದೆಂದು ಹಿರಿಯರು ಹೇಳುವ ವಂಶಾವಳಿಯಿದೆ. ಅದರಲ್ಲಿ ಭದ್ರಪ್ಪ ಎಂಬ ಹೆಸರು ನಾಲ್ಕು ಸಲ ಬರುತ್ತದೆ. ಒಂದು ಕಡೆಯಂತೂ ಒಡಹುಟ್ಟಿದ ಇಬ್ಬರಿಗೂ ಸಂಕಣ್ಣ ಎಂದೇ ಬರೆದಿದೆ. ಇದು ಬರೆದವರ ಕೈತಪ್ಪೇ, ಅಥವಾ ಆ ಕಾಲದ ಪದ್ಧತಿಯೇ ಹಾಗಿತ್ತೇ? ಯಾವ ಭದ್ರಪ್ಪ ಯಾರೆಂದು ತಿಳಿಯಲು ಏನನ್ನು ನೋಡಬೇಕು?

ಉತ್ತರ 1

ದಯವಿಟ್ಟು ಅದನ್ನು ಕೈತಪ್ಪೆಂದು ತಿದ್ದಬೇಡಿ. ನಿಮ್ಮ ಸೀಮೆಯನ್ನಾಳಿದ ಮನೆತನದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಸದಾಶಿವ ನಾಯಕನ ಇಬ್ಬರು ಮಕ್ಕಳ ಹೆಸರೂ ಸಂಕಣ್ಣನೇ. ಒಬ್ಬ ದೊಡ್ಡ ಸಂಕಣ್ಣ ನಾಯಕ, ಇನ್ನೊಬ್ಬ ಚಿಕ್ಕ ಸಂಕಣ್ಣ ನಾಯಕ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಬಂದಾಗ ಅಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. 1660ರಲ್ಲಿ ಶಿವಪ್ಪ ನಾಯಕನ ತರುವಾಯ ಪಟ್ಟಕ್ಕೆ ಬಂದ ಅವನ ತಮ್ಮನೂ ವೆಂಕಟಪ್ಪ ನಾಯಕನೇ. ಮೊದಲನೆಯವನನ್ನು ನಾವು ಈಗ ಹಿರಿಯ ವೆಂಕಟಪ್ಪ ನಾಯಕ ಎನ್ನುತ್ತೇವಾದರೂ, ಎರಡನೆಯವನು ಹುಟ್ಟುವ ಮೊದಲು ಹಾಗೆ ಕರೆಯುವ ಅಗತ್ಯವೇ ಯಾರಿಗೂ ಇರಲಿಲ್ಲ. ಆದ್ದರಿಂದ ಕಡತದಲ್ಲಿ ಯಾರದಾದರೂ ಹೆಸರಿನ ಹಿಂದೆ 'ಹಿರಿಯ' ಎಂದಿದ್ದರೆ, ಆ ಸಾಲನ್ನು ಅದೇ ಹೆಸರಿನ ಕಿರಿಯನೊಬ್ಬ ಬಂದ ಮೇಲೆ ಬರೆದಿರಬೇಕು. ನನ್ನ ಮಟ್ಟಿಗೆ ಕಾಲನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಇಂಥ ಕಡತಗಳಲ್ಲಿ ಸಿಗುವುದು ಅಪರೂಪ.

ಹೆಸರು ಮರಳಿ ಬರಲು ಮುಖ್ಯ ಕಾರಣ, ತೀರಿಹೋದ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲವಾದ್ದರಿಂದ, ಆ ಮಗುವನ್ನು ಅಜ್ಜಯ್ಯ, ಅಪ್ಪಯ್ಯ, ಪುಟ್ಟಯ್ಯ ಎಂದು ಕರೆಯುತ್ತಿದ್ದರು. ಎಷ್ಟೋ ಸಲ ಕರೆಯುವ ಹೆಸರೇ ಬರವಣಿಗೆಗೂ ಬಂದುಬಿಡುತ್ತಿತ್ತು. ಕೊನೆಯ ಅಪ್ಪ, ಅಣ್ಣ, ಅಯ್ಯಗಳನ್ನು ನೋಡಿ ಇಬ್ಬರು ಬೇರೆ ಬೇರೆ ಎಂದು ತೀರ್ಮಾನಿಸುವುದೂ ಸರಿಯಲ್ಲ. ಕೆಳದಿ ಮನೆತನದ ಮೂಲಪುರುಷನೇ ಒಂದು ಕಡೆ ಚೌಡಪ್ಪ, ಇನ್ನೊಂದು ಕಡೆ ಚೌಡಗೌಡ.

ಉತ್ತರ 2

ಮೈಸೂರಿನ ಒಡೆಯರಲ್ಲಿಯೂ ಹೀಗೆಯೇ. ಚಾಮರಾಜರು ಅನೇಕರಿದ್ದುದರಿಂದ ಒಬ್ಬರು ಬೋಳ ಚಾಮರಾಜರಾದರು. 1704ರಿಂದ 1714ರವರೆಗೆ ಆಳಿದ ಕಂಠೀರವ ನರಸರಾಜರಿಗೆ ಮಾತು ಬಾರದಿದ್ದುದರಿಂದ ಮೂಕರಸು ಎಂಬ ಹೆಸರು ನಿಂತಿತು. ಮೈಯ ಲಕ್ಷಣದಿಂದ ಗುರುತಿಸುವುದು ಅರಮನೆಯಲ್ಲಿಯೇ ಸಲ್ಲುತ್ತಿದ್ದ ಮೇಲೆ, ನಿಮ್ಮ ಕಡತದಲ್ಲಿ ಕರಿಯ, ಕೆಂಪ, ಕುಳ್ಳ ಎಂಬಂಥವು ಸಿಕ್ಕರೆ ಅವನ್ನು ಬೇರೆ ಹೆಸರುಗಳೆಂದು ಎಣಿಸದೆ ಭೇದಸೂಚಕಗಳೆಂದು ಓದಿ.

ಆದರೆ ಹೆಚ್ಚು ನಂಬಬಹುದಾದದ್ದು ಮೂರು ತಲೆಮಾರಿನ ಸರಣಿ. ಮೈಸೂರು ಅರಸರ ಶಾಸನಗಳು ಆತ್ರೇಯ ಗೋತ್ರ, ಆಶ್ವಲಾಯನ ಸೂತ್ರ, ಋಕ್ ಶಾಖೆ ಎಂದು ಹೇಳಿ, ಇಂಥವರ ಪೌತ್ರರಾದ, ಇಂಥವರ ಪುತ್ರರಾದ ಇಂಥವರು ಎಂದು ಮುಂದುವರಿಯುವುದು ಇದಕ್ಕಾಗಿಯೇ. ತಾತ, ತಂದೆ, ಮಗ ಈ ಮೂವರ ಹೆಸರೂ ಕೂಡಿದಾಗ ಮಾತ್ರ ಒಬ್ಬ ಭದ್ರಪ್ಪ ಇನ್ನೊಬ್ಬನಿಂದ ಖಚಿತವಾಗಿ ಬೇರೆಯಾಗುತ್ತಾನೆ. ತಾತನ ಹೆಸರಿಡುವುದು ಒಂದೇ ಮತದವರ ರೂಢಿಯೂ ಅಲ್ಲ: 1750ರ ಸುಮಾರಿಗೆ ಹುಟ್ಟಿದ ಟಿಪ್ಪುವಿಗೆ ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರ ಹೆಸರಿನ ಜೊತೆಗೆ, ತಾತ ಫತೇ ಮುಹಮ್ಮದನ ನೆನಪಿಗೆ ಫತೇ ಅಲಿ ಎಂಬ ಹೆಸರೂ ಇತ್ತು.

ಉತ್ತರ 3

ಒಬ್ಬನೇ ವ್ಯಕ್ತಿ ಎರಡು ಹೆಸರಿನಲ್ಲಿ ಬರುವುದನ್ನೂ ಗಮನಿಸಿ. ರಾಘವೇಂದ್ರ ಸ್ವಾಮಿಗಳು 1621ರಲ್ಲಿ ಸನ್ಯಾಸ ಸ್ವೀಕರಿಸುವವರೆಗೆ ವೆಂಕಟನಾಥರು. ಹರಿದಾಸ ಜಗನ್ನಾಥದಾಸರು ಮೊದಲು ಮಾನ್ವಿಯ ಶ್ರೀನಿವಾಸಾಚಾರ್ಯರು. ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ, ತಿಪ್ಪಯ್ಯ ಎಂದು ಹೆಸರಿಡುವುದಿತ್ತು. ವಂಶಾವಳಿಯಲ್ಲಿ ಅಂಥ ಹೆಸರೊಂದು ಕಂಡರೆ, ಅದರ ಹಿಂದೆ ಹೆಸರೇ ದಾಖಲಾಗದೆ ತೀರಿಹೋದ ಅಣ್ಣಂದಿರಿದ್ದಿರಬಹುದೆಂಬುದನ್ನು ನೆನಪಿಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಕಡತವನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದೆ. ಸಂಕಣ್ಣ ಎಂಬ ಎರಡು ಹೆಸರುಗಳಲ್ಲಿ ಒಂದರ ಹಿಂದೆ, ಮಸಿ ಉದುರಿದ ಜಾಗವೆಂದು ನಾನು ನಕಲಿನಲ್ಲಿ ಬಿಟ್ಟುಬಿಟ್ಟಿದ್ದ ಕಡೆ, 'ಚಿ' ಎಂಬ ಅಕ್ಷರ ಓದಲು ಸಿಗುತ್ತದೆ.