ಟೂರಿನ ಕೊನೆಯ ಶೋಗೇ ಹೋಗಬೇಕಾ, ಬೆಂಗಳೂರಿನದು ಸಾಕಾ? ಹೋಗಿಬಂದವರು ಅನುಭವ ಹೇಳಿ

ವಸಂತನರಸಾಪುರ ಶಿಫ್ಟ್:
ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ಕೆಲಸ ವಸಂತನರಸಾಪುರದ ಕಾರ್ಖಾನೆಯಲ್ಲಿ. ಪಿಯುಸಿಯಿಂದ ಕೇಳ್ಕೊಂಡು ಬಂದಿರೋ ರಾಕ್ ಗಾಯಕ ಇಂಡಿಯಾಕ್ಕೆ ಬರ್ತಿದ್ದಾರೆ. ಹೆಸರು ಹಾಕಿದರೆ ಬ್ಲ್ಯಾಕಲ್ಲಿ ಟಿಕೆಟ್ ಮಾರೋರು ಇನ್‌ಬಾಕ್ಸ್ ತುಂಬಿಸ್ತಾರೆ, ಅದಕ್ಕೇ ಹಾಕಿಲ್ಲ. ಬೆಂಗಳೂರಲ್ಲಿ ಒಂದು ಶೋ, ಮುಂದಿನ ವಾರ ಮುಂಬೈಯಲ್ಲಿ ಟೂರ್ ಮುಗಿಯುತ್ತೆ. ಕೊನೆಯ ಶೋ ಅಂದರೆ ಹೆಚ್ಚು ಹಾಡ್ತಾರೆ, ಬೇರೆ ಥರಾನೇ ಇರುತ್ತೆ ಅಂತಾರೆ. ನಿಜಾನಾ? ತಂಗಿನೂ ಬರ್ತೀನಿ ಅಂತಿದ್ದಾಳೆ. ಇಬ್ಬರದ್ದೂ ಸೇರಿ ಇಪ್ಪತ್ತು ಸಾವಿರದೊಳಗೆ ಮುಗಿಬೇಕು. ಬೆಂಗಳೂರಿಗೇ ಹೋದರೆ ರಾತ್ರಿ ವಾಪಸ್ ಬರೋದು ಹೇಗೆ ಅನ್ನೋದನ್ನೂ ಹೇಳಿ.

ನಂದಿ ತಪ್ಪಲಿನವಳು:
ಕಣ್ಣು ಮುಚ್ಕೊಂಡು ಕೊನೆಯ ಶೋಗೆ ಹೋಗಿ. ನಾನು 2025ರ ಜನವರಿ 26ಕ್ಕೆ ಅಹಮದಾಬಾದಲ್ಲಿ ಇಂಗ್ಲೆಂಡಿನ ಕೋಲ್ಡ್‌ಪ್ಲೇ ಬ್ಯಾಂಡ್ ನೋಡಿದವಳು. ಚಿಕ್ಕಬಳ್ಳಾಪುರದಿಂದ ಅಷ್ಟು ದೂರ ಯಾಕೆ ಅಂತ ಮನೆಮಂದಿಯೆಲ್ಲ ಕೇಳಿದರು. ನನ್ನ ಪಾಲಿನ ದ್ರಾಕ್ಷಿ ತೋಟದ ದುಡ್ಡಲ್ಲಿ ಹೋದೆ, ಯಾರ ಹತ್ರನೂ ಕೈಯೊಡ್ಡಲಿಲ್ಲ.

ಲೆಕ್ಕ ಬರೆದಿಟ್ಟಿದ್ದೀನಿ, ಕೇಳಿ. ಟಿಕೆಟ್ 4,500, ಮೇಲೆ ಅದೇನೋ ಕನ್ವೀನಿಯೆನ್ಸ್ ಫೀ ಅಂತ ಕಿತ್ತುಕೊಂಡರು. ದೇವನಹಳ್ಳಿಯಿಂದ ವಿಮಾನ ಹೋಗಿಬರೋಕೆ 15,200. ಬುಕ್ ಮಾಡೋಕೆ ಎರಡು ದಿನ ತಡ ಮಾಡಿದ್ದಕ್ಕೆ ನಮ್ಮ ಅಕ್ಕನ ಮಗಳು 19,000 ಕೊಟ್ಟಳು. ರೂಮು ಅನ್ನೋದು ನಿಜವಾದ ದರೋಡೆ. ಫ್ಯಾನು, ಮಂಚ, ಒಂದು ಬಕೆಟ್ಟು, ಅಷ್ಟಿರೋ ರೂಮಿಗೆ ರಾತ್ರಿಗೆ 8,500. ಮಾಮೂಲಿ ದಿನ ಸಾವಿರದೈನೂರು ಅಂತ ಅಲ್ಲಿನ ರೂಮ್‌ಬಾಯೇ ಹೇಳಿದ. ಒಂದು ತಿಂಗಳು ಮೊದಲೇ ಮಾತಾಡಿದ್ದ ಇನ್ನೊಂದು ಲಾಡ್ಜಿನವನು ಹಿಂದಿನ ವಾರ ಫೋನ್ ಮಾಡಿ "ನಿಮ್ಮ ಬುಕಿಂಗ್ ಇಲ್ಲ" ಅಂದುಬಿಟ್ಟಿದ್ದ. ಅಡ್ವಾನ್ಸ್ 2,000 ಇವತ್ತಿಗೂ ವಾಪಸ್ ಬಂದಿಲ್ಲ. ಊಟಕ್ಕೆ, ಆಟೊಗೆ ಸೇರಿ ಇನ್ನೊಂದು ಮೂರು ಸಾವಿರ.

ಆದರೆ ಒಳಗೆ ಹೋದ ಮೇಲೆ! ಲಕ್ಷ ದಾಟಿದ ಜನ, ಎಲ್ಲರ ಕೈಯಲ್ಲೂ ಬೆಳಕಿನ ಪಟ್ಟಿ, ಹಾಡಿನ ತಾಳಕ್ಕೆ ಇಡೀ ಸ್ಟೇಡಿಯಂ ಬಣ್ಣ ಬದಲಾಯಿಸೋದು. ಗಣರಾಜ್ಯೋತ್ಸವ ಅಂತ ಅವರ ಗಾಯಕ ಕ್ರಿಸ್ ಮಾರ್ಟಿನ್ ವಂದೇ ಮಾತರಂ ಹಾಡಿದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಎದ್ದು ನಿಂತು ಅತ್ತರು. ಬುಮ್ರಾ ಬಂದಿದ್ದ. ಅದು ಬೇರೆ ಯಾವ ದಿನವೂ ಸಿಗೋದಲ್ಲ. ನನ್ನ ಖರ್ಚಿನಲ್ಲಿ ಒಂದು ರೂಪಾಯಿನೂ ದಂಡ ಆಗಿಲ್ಲ.

ಮಂಡಿ ಲೆಕ್ಕಿಗ, ಕೋಲಾರ:
ಮೇಡಂ, ನಿಮಗೆ ಟಿಕೆಟ್ ಸಿಕ್ಕಿತು, ಮಾತಾಡ್ತೀರ. ಸಿಗದವರ ಕಥೆನೂ ಸ್ವಲ್ಪ ಕೇಳಿ.

2024ರ ಸೆಪ್ಟೆಂಬರ್ 22, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೋಲ್ಡ್‌ಪ್ಲೇ ಮುಂಬೈ ಶೋ ಬುಕಿಂಗ್. ಟೊಮೆಟೊ ಮಂಡಿಯಲ್ಲಿ ಲಾಟು ಏರೋ ಹೊತ್ತು, ಅದನ್ನ ಬಿಟ್ಟು ಫೋನ್ ಹಿಡ್ಕೊಂಡು ಕೂತೆ. ಮೊದಲು ಸೈಟೇ ತೆಗೀಲಿಲ್ಲ. ತೆಗೆದಾಗ ಕ್ಯೂನಲ್ಲಿ ನನ್ನ ಮುಂದೆ ಲಕ್ಷಗಟ್ಟಲೆ ಜನ. ಸಂಜೆಯೊಳಗೆ ಎಲ್ಲ ಖಾಲಿ, ಅದೇ ಸಂಜೆ ಬೇರೆ ಕಡೆ ಅದೇ ಟಿಕೆಟ್ಟಿಗೆ ಹತ್ತು ಪಟ್ಟು ರೇಟು. ಯಾರ ಕೈಗೆ ಹೋಯ್ತು ಅನ್ನೋದನ್ನ ಬಿಡಿಸಿ ಹೇಳೋದು ಬೇಡ.

ಆಮೇಲೆ ಅಹಮದಾಬಾದಿಗೆ ಎರಡು ಟಿಕೆಟ್ ಇದೆ ಅಂತ ಒಬ್ಬ ಮೆಸೇಜ್ ಗ್ರೂಪಲ್ಲಿ ಸಿಕ್ಕ. ಆಧಾರ್ ಕಾರ್ಡ್ ಫೋಟೊ ಕಳಿಸಿದ, ಬುಕಿಂಗ್ ಕನ್ಫರ್ಮೇಶನ್ ಕಳಿಸಿದ, ವಿಡಿಯೊ ಕಾಲಲ್ಲಿ ಮುಖನೂ ತೋರಿಸಿದ. 22,000 ಕಳಿಸಿದೆ. ಟಿಕೆಟ್ ಕೊರಿಯರಲ್ಲಿ ಬರುತ್ತೆ ಅಂದ. ಮಾರನೇ ದಿನದಿಂದ ನಂಬರ್ ಸ್ವಿಚ್ ಆಫ್. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಸ್ಟೇಷನ್ನಿಗೆ ಅಲೆದೆ, ಬ್ಯಾಂಕಿಗೆ ಅಲೆದೆ. ಖಾತೆ ಫ್ರೀಜ್ ಆಗೋಷ್ಟರಲ್ಲಿ ದುಡ್ಡು ಮುಂದಕ್ಕೆ ಹೋಗಿತ್ತು ಅಂದರು. 22,000 ಅಂದರೆ ನಮ್ಮ ಕಡೆ ಎಷ್ಟು ಬಾಕ್ಸ್ ಟೊಮೆಟೊ ಅಂತ ರೈತರನ್ನ ಕೇಳಿ ನೋಡಿ.

ಕೊನೆಗೆ ಆ 26ನೇ ತಾರೀಕು ಹಾಟ್‌ಸ್ಟಾರಲ್ಲಿ ಲೈವ್ ಬಂತು. ಮನೆಯವರೆಲ್ಲ ಕೂತು ನೋಡಿದ್ವಿ. ಬುಮ್ರಾ ಮುಖ ಸ್ಟೇಡಿಯಂನಲ್ಲಿ ಕೂತವರಿಗಿಂತ ನಮಗೇ ಚೆನ್ನಾಗಿ ಕಂಡಿತು.

ಪ್ಯಾಲೆಸ್ ಗ್ರೌಂಡ್ 2011:
ಮೊದಲು ಒಂದು ಸರಿ ಮಾಡೋಣ. ಅಹಮದಾಬಾದಿನದು ಇಂಡಿಯಾದ ಕೊನೆಯ ಶೋ, ಟೂರಿನ ಕೊನೆಯದಲ್ಲ. ಕೋಲ್ಡ್‌ಪ್ಲೇನವರು ಅಲ್ಲಿಂದ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಆಮೇಲೆ ಕೊರಿಯಾ, ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿವರೆಗೂ ಹಾಡಿದರು.

ಎರಡನೇದು, ದೂರದ ಶೋಗೆ ಓಡೋರು ಕೇಳಿ. 2011ರ ಅಕ್ಟೋಬರ್. ಅಮೆರಿಕದ ಮೆಟಾಲಿಕಾ ಬ್ಯಾಂಡ್ ಮೊದಲ ಸಲ ಇಂಡಿಯಾಕ್ಕೆ. 28ಕ್ಕೆ ಗುರ್‌ಗಾಂವ್, 30ಕ್ಕೆ ನಮ್ಮ ಪ್ಯಾಲೆಸ್ ಗ್ರೌಂಡ್. ಗುರ್‌ಗಾಂವ್ ಶೋ ಆಗಲೇ ಇಲ್ಲ, ಕಾದಿದ್ದ ಜನ ಸ್ಟೇಜ್ ಮೇಲೆ ನುಗ್ಗಿದರು. ನನ್ನ ಇಬ್ಬರು ದೋಸ್ತಿಗಳು "ಮೊದಲ ಶೋನೇ ನೋಡಬೇಕು" ಅಂತ ಅಲ್ಲಿಗೆ ಹೋಗಿದ್ದವರು, ರಾತ್ರೋರಾತ್ರಿ ಬೆಂಗಳೂರಿಗೆ ವಿಮಾನ ಹಿಡಿದು ಬಂದರು. ಟಿಕೆಟ್ ದುಡ್ಡು, ಎರಡು ಕಡೆ ವಿಮಾನ, ಎಲ್ಲ ಸೇರಿ ಒಬ್ಬೊಬ್ಬರಿಗೆ ಮೂವತ್ತು ಸಾವಿರದ ಹತ್ತಿರ ಹೋಯ್ತು. ಆ ಕಾಲದ ಮೂವತ್ತು ಸಾವಿರ! ನಾನು ಗುಬ್ಬಿಯಿಂದ ಬಸ್ಸಲ್ಲಿ ಬಂದು ನೋಡ್ದೆ. ಮನೆ ಹತ್ತಿರದ ಶೋನೇ ನಿಜವಾದ ಶೋ. ಹತ್ತಿರದ್ದು ಬಿಟ್ಟು ದೂರದ್ದಕ್ಕೆ ಓಡೋನು ಕೆಟ್ಟ.

ಆ ನೆಲ, ಆ ಕೆಸರು, ಆ ಗಿಟಾರ್ ಶುರುವಾದಾಗ ಎದೆ ನಡುಗಿದ್ದು, ಅದನ್ನ ಈಗಿನ ಬಣ್ಣದ ರಿಸ್ಟ್‌ಬ್ಯಾಂಡ್ ಕೊಡಲ್ಲ. ಕೋಲ್ಡ್‌ಪ್ಲೇ ರಾಕೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ, ಅದನ್ನ ಬದಲಾಯಿಸಲ್ಲ.

ನಂದಿ ತಪ್ಪಲಿನವಳು:
ಪ್ಯಾಲೆಸ್ ಗ್ರೌಂಡ್ ಅಣ್ಣಾ, ರಾಕ್ ಯಾವುದು ಅಂತ ಸರ್ಟಿಫಿಕೇಟ್ ಕೊಡೋ ಆಫೀಸು ನಿಮ್ಮ ಗುಬ್ಬಿಯಲ್ಲಿ ತೆಗೆದಿದ್ದಾರಾ? ನಾನು ನಿಮ್ಮ ಕೆಸರಿನ ಬಗ್ಗೆ ಒಂದು ಮಾತಾಡಲಿಲ್ಲ. ನೀವ್ಯಾಕೆ ನನ್ನ ಹಾಡಿನ ಬಗ್ಗೆ ಮಾತಾಡ್ತೀರ?

ಕ್ಯಾತ್ಸಂದ್ರ ಸೀಮೆ:
ಪ್ರಶ್ನೆ ಕೇಳಿದವರು ತುಮಕೂರಿನವರು. ವಾಪಸ್ ಬರೋದು ಹೇಗೆ ಅಂತ ಕೇಳಿದ್ದಾರೆ, ಒಬ್ಬರೂ ಹೇಳಲಿಲ್ಲ. ನಾನು ಹೇಳ್ತೀನಿ, ಯಾಕಂದ್ರೆ ಅದರಲ್ಲೇ ನಾನು ಸುಟ್ಟುಕೊಂಡಿರೋದು.

2025ರ ಫೆಬ್ರವರಿ 9, ಇಂಗ್ಲೆಂಡಿನ ಗಾಯಕ ಎಡ್ ಶೀರನ್, ಮಾದಾವರದ ನೈಸ್ ಗ್ರೌಂಡ್. ರಾಕ್ ಅಲ್ಲ ಅಂತ ಯಾರೂ ಶುರು ಮಾಡಬೇಡಿ. ಮೈದಾನ ತುಮಕೂರು ರಸ್ತೆಯಲ್ಲೇ ಇದೆ, ನಮಗೆ ಊರಿನ ದಿಕ್ಕು, ಎಷ್ಟು ಸುಲಭ ಅಂದುಕೊಂಡೇ ಎಲ್ಲರೂ ಹೋಗೋದು. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಮೈಕ್ ಹಾಕೋ ಹಾಗಿಲ್ಲ, ಶೋ ಹತ್ತರೊಳಗೆ ಮುಗಿಯುತ್ತೆ. ಮುಗಿದ ಮೇಲೆ ಇಡೀ ಜನ ಒಂದೇ ಸಲ ರಸ್ತೆಗೆ ಬೀಳ್ತಾರೆ. ಮೆಟ್ರೊ ಇದೆ, ಆದರೆ ಅದು ಊರೊಳಕ್ಕೆ ಹೋಗುತ್ತೆ. ತುಮಕೂರಿಗೆ ಹೋಗೋ ಸರ್ಕಾರಿ ಬಸ್ಸು ಹೈವೇಯಲ್ಲಿ ಕಣ್ಣೆದುರಿಗೇ ಹೋಗುತ್ತೆ, ಕೈ ಅಡ್ಡ ಹಾಕಿದರೂ ನಿಲ್ಲಲ್ಲ. ನಾವು ನಾಲ್ಕು ಜನ ಹೆಂಗಸರು. ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ, ಸರಿ, ಹತ್ತೋಕೆ ಬಸ್ ನಿಲ್ಲಬೇಕಲ್ಲ! ಕ್ಯಾಬ್ ನೋಡಿದರೆ ತುಮಕೂರಿಗೆ 4,100 ತೋರಿಸ್ತು, ಒಪ್ಪಿದವನು ಬರ್ತಾ ಬರ್ತಾ ಕ್ಯಾನ್ಸಲ್ ಮಾಡಿದ. ಎರಡನೆಯವನು ಫೋನಲ್ಲೇ "ಮೇಲೆ ಐನೂರು ಕ್ಯಾಶ್" ಅಂದ. ಕೊನೆಗೆ ಟೆಂಪೊ ಟ್ರಾವೆಲರ್‌ನವನೊಬ್ಬ ತಲೆಗೆ 700 ಕೇಳಿದ, ನೆಲಮಂಗಲದಲ್ಲಿ ಇಳಿಸಿ ಇನ್ನು ಮುಂದೆ ಹೋಗಲ್ಲ ಅಂದುಬಿಟ್ಟ. ಅಲ್ಲಿಂದ ಯಜಮಾನರು ಕಾರ್ ತಂದು ಕರ್ಕೊಂಡು ಹೋದರು.

ತಂಗಿನ ಕರ್ಕೊಂಡು ಹೋಗೋರು ಗಾಡಿ ಗೊತ್ತು ಮಾಡದೆ ಟಿಕೆಟ್ ಬುಕ್ ಮಾಡಲೇಬೇಡಿ. ನನ್ನ ಮಾತು ಅಷ್ಟೇ.

ಶೋ ಬಗ್ಗೆ ಕೇಳಿದರೆ, ಒಬ್ಬನೇ ಮನುಷ್ಯ ಪೆಡಲ್ ತುಳಿದು ತುಳಿದು ಗಿಟಾರು, ತಾಳ, ದನಿ ಒಂದರ ಮೇಲೊಂದು ಕಟ್ಟೋದನ್ನ ಎದುರಿಗೆ ನೋಡಬೇಕು. ಒಂದೇ ಬೇಜಾರು. ಬೆಂಗಳೂರಿಗೆ ಬಂದು ಗಾಯಕಿ ಶಿಲ್ಪಾ ರಾವ್ ಜೊತೆ ತೆಲುಗು ಹಾಡು ಹಾಡಿದ. ಕನ್ನಡದ ಒಂದು ಸಾಲು ಯಾರೂ ಹೇಳಿಕೊಡಲಿಲ್ಲವಾ?

ಚಾಂಪಿಯನ್ ರೀಫ್ ಡ್ರಮ್ಸ್:
ಹಾಡಲಿ ಬಿಡಿ ಅಕ್ಕಾ. ನಾನು ಕೆಜಿಎಫ್‌ನವನು. ನಮ್ಮ ಬೀದಿಯಲ್ಲಿ ತೆಲುಗು, ತಮಿಳು, ಕನ್ನಡ ಮೂರೂ ಒಂದೇ ಮನೆಯಲ್ಲಿ. ನಾನೂ ಆ ದಿನ ಅಲ್ಲೇ ಇದ್ದೆ, ಆ ಹಾಡಿಗೆ ಕುಣಿದವರಲ್ಲಿ ಅರ್ಧ ಜನ ಕೋಲಾರ, ಚಿಂತಾಮಣಿ ಕಡೆಯವರೇ.

ಕ್ಯಾತ್ಸಂದ್ರ ಸೀಮೆ:
ಮನೆಯಲ್ಲಿ ಏನು ಮಾತಾಡ್ತೀರ ಅಂತ ನಾನು ಕೇಳಲಿಲ್ಲ ತಮ್ಮಾ. ಚೆನ್ನೈಗೆ ಹೋದರೆ ತಮಿಳು, ಹೈದರಾಬಾದಿಗೆ ಹೋದರೆ ತೆಲುಗು. ಬೆಂಗಳೂರಿಗೆ ಬಂದರೆ ಮಾತ್ರ ಯಾವುದಾದರೂ ನಡೆಯುತ್ತೆ ಅನ್ನೋದು ನನಗೆ ನೋವು.

ಚಾಂಪಿಯನ್ ರೀಫ್ ಡ್ರಮ್ಸ್:
ನೋವು ಸರಿ. ಅದನ್ನ ಆಯೋಜಕರ ಮೇಲೆ ಹಾಕಿ, ತೆಲುಗು ಮಾತಾಡೋ ನಮ್ಮ ಮೇಲೆ ಹಾಕಬೇಡಿ. ಅಪ್ಪ ಗಣಿಯಲ್ಲಿ ಕೆಲಸ ಮಾಡ್ತಿದ್ದಾಗ ಕ್ಲಬ್ಬಲ್ಲಿ ಇಂಗ್ಲಿಷ್ ಬ್ಯಾಂಡ್ ನುಡಿಸೋದನ್ನ ಗೇಟಿನ ಆಚೆ ನಿಂತು ಕೇಳಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆಯಲ್ಲಿ ಉಳಿದಿದ್ದು ಹಾಡೇ. ನಾನು ಮಾರಿಕುಪ್ಪಂ ರೈಲಲ್ಲಿ ದಿನಾ ಬೆಂಗಳೂರಿಗೆ ಓಡಾಡ್ತೀನಿ. ಶೋ ಇರೋ ದಿನ ವಾಪಸ್ ಬರೋ ಯೋಚನೆನೇ ಮಾಡಲ್ಲ. ಕೆ.ಆರ್.ಪುರದಲ್ಲಿ ಸ್ನೇಹಿತನ ಪಿಜಿ, ರಾತ್ರಿಗೆ 400, ಬೆಳಿಗ್ಗೆ ಅಲ್ಲಿಂದಲೇ ಕೆಲಸಕ್ಕೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಗೌರಿಬಿದನೂರು ಬಲಗಿವಿ:
ಯಾರೂ ಕಿವಿ ಮಾತೇ ಎತ್ತಲಿಲ್ಲ. ನಾನು ಒಂದು ಶೋನಲ್ಲಿ ಸ್ಪೀಕರ್ ಕಂಬದ ಹತ್ತಿರ ನಿಂತೆ. ಅಲ್ಲೇ ನಿಲ್ಲಿ ಅಂತ ತಳ್ಳಿದ್ದು ಅವರ ಬೌನ್ಸರ್‌ಗಳು, ಸ್ಟೇಜ್ ಮುಂದಿನ ಜಾಗಕ್ಕೆ, ಅಂದರೆ ಫ್ಯಾನ್ ಪಿಟ್‌ಗೆ, ಟಿಕೆಟ್ 9,500 ಕೊಟ್ಟವನನ್ನ. ಆ ರಾತ್ರಿಯಿಂದ ಬಲಗಿವಿಯಲ್ಲಿ ಸೀಟಿ ಊದಿದ ಹಾಗೆ. ಇಎನ್‌ಟಿ ಫೀಸು 600, ಕಿವಿ ಎಷ್ಟು ಕೇಳುತ್ತೆ ಅಂತ ನೋಡೋ ಆಡಿಯೊಮೆಟ್ರಿ 900, ಮಾತ್ರೆ 1,350, ಮತ್ತೆ ತೋರಿಸಿದ್ದು 600. ಪೂರ್ತಿ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ, ಇಂಥ ಕಡೆ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಜನಕ್ಕೆ ಇಯರ್‌ಪ್ಲಗ್ ಸಿಗಬೇಕು ಅಂತ. ನಮ್ಮ ಕಡೆ ಬಿಯರ್ ಸಿಗುತ್ತೆ, ಇಯರ್‌ಪ್ಲಗ್ ಸಿಗಲ್ಲ. ಮೆಡಿಕಲ್ ಶಾಪಲ್ಲಿ ಫೋಮಿನದು ಐವತ್ತು ರೂಪಾಯಿ ಒಳಗೆ ಬರುತ್ತೆ, ತಂಗಿಗೂ ಒಂದು ಜೊತೆ ತಗೊಳ್ಳಿ.

ಪ್ಯಾಲೆಸ್ ಗ್ರೌಂಡ್ 2011:
ಇಯರ್‌ಪ್ಲಗ್ ಹಾಕ್ಕೊಂಡು ರಾಕ್ ಕೇಳೋದಾ? ಮನೆಯಲ್ಲಿ ಇರೋದೇ ವಾಸಿ.

ಗೌರಿಬಿದನೂರು ಬಲಗಿವಿ:
ಡ್ರಮ್ ಬಾರಿಸೋರೇ ಕಿವಿಗೆ ಹಾಕ್ಕೋತಾರೆ. ಪಕ್ಕದಲ್ಲೇ ಒಬ್ಬರಿದ್ದಾರೆ, ಕೇಳಿ.

ಚಾಂಪಿಯನ್ ರೀಫ್ ಡ್ರಮ್ಸ್:
ಹಾಕ್ಕೋತೀನಿ. ಪ್ರತಿ ಸಲ.

ವಸಂತನರಸಾಪುರ ಶಿಫ್ಟ್:
ಎಲ್ಲರಿಗೂ ಥ್ಯಾಂಕ್ಸ್, ಆದರೆ ನನ್ನ ಮೊದಲನೇ ಪ್ರಶ್ನೆ ಹಾಗೇ ಇದೆ. ಕೊನೆಯ ಶೋನಲ್ಲಿ ನಿಜವಾಗ್ಲೂ ಹೆಚ್ಚು ಹಾಡ್ತಾರಾ?

ಮಂಡಿ ಲೆಕ್ಕಿಗ, ಕೋಲಾರ:
ನಂದಿ ಮೇಡಂ ಹೇಳಲಿ. 33 ಸಾವಿರ ಕೊಟ್ಟವರು ಅವರು.

ನಂದಿ ತಪ್ಪಲಿನವಳು:
ಹಿಂದಿನ ದಿನ 25ರ ಶೋಗೂ 26ಕ್ಕೂ ಹಾಡಿನ ಪಟ್ಟಿ ಹೆಚ್ಚುಕಡಿಮೆ ಒಂದೇ, ಅದನ್ನ ಒಪ್ಕೋತೀನಿ. ದೊಡ್ಡ ಸ್ಟೇಡಿಯಂ ಶೋಗಳಲ್ಲಿ ಬೆಳಕು, ಪಟಾಕಿ, ಸ್ಕ್ರೀನು ಎಲ್ಲ ಮೊದಲೇ ಹಾಡಿಗೆ ಕಟ್ಟಿರೋದು, ಕೊನೆಯ ದಿನ ಅಂತ ಮನಸ್ಸಿಗೆ ಬಂದ ಹಾಗೆ ಸೇರಿಸೋಕೆ ಆಗಲ್ಲ. ಬದಲಾಗೋದು ಹಾಡಿನ ಮಧ್ಯದ ಮಾತು, ಜನ. ಲೆಕ್ಕಿಗರೇ, 33 ಅಂತ ಎಲ್ಲರ ಮುಂದೆ ಕೂಗೋ ಅಗತ್ಯ ಇರಲಿಲ್ಲ. ನಿಮ್ಮ 22 ಸಾವಿರ ತಿಂದವಳು ನಾನಲ್ಲ.

ಮಂಡಿ ಲೆಕ್ಕಿಗ, ಕೋಲಾರ:
ತಿಂದಿರಿ ಅಂತ ನಾನೆಲ್ಲಿ ಅಂದೆ? ಲೆಕ್ಕ ನೀವೇ ಬರೆದಿದ್ದು. ಕೂಡಿದೆ ಅಷ್ಟೇ, ನನ್ನ ಕೆಲಸವೇ ಅದು.

ಕ್ಯಾತ್ಸಂದ್ರ ಸೀಮೆ:
ಇಪ್ಪತ್ತು ಸಾವಿರದಲ್ಲಿ ಇಬ್ಬರು ಮುಂಬೈಗೆ ಆಗಲ್ಲ, ಅಲ್ಲಿಗೆ ಮುಗೀತು. ಬೆಂಗಳೂರು ಶೋಗೆ ಹೋಗಿ. ತುಮಕೂರಿಂದ ಹತ್ತು ಹನ್ನೆರಡು ಜನ ಸೇರಿದರೆ ಇಲ್ಲಿಂದಲೇ ಟೆಂಪೊ ಟ್ರಾವೆಲರ್ ಬಾಡಿಗೆ, ಡ್ರೈವರ್ ಬಾಟಾ, ಟೋಲು ಎಲ್ಲ ಸೇರಿ ತಲೆಗೆ 600ರ ಮೇಲೆ ಬರಲ್ಲ. ನಮ್ಮ ಗುಂಪು ಈಗ ಹಾಗೇ ಮಾಡೋದು. ಹೆಸರು ಹೇಳದಿದ್ದರೂ ಪರವಾಗಿಲ್ಲ, ತಾರೀಕು ಹೇಳಿ. ಎರಡು ಸೀಟ್ ಇಡ್ತೀನಿ.

ಪ್ಯಾಲೆಸ್ ಗ್ರೌಂಡ್ 2011:
ಗುಬ್ಬಿಯಿಂದ ಒಬ್ಬ ಬರಬಹುದಾ?

ಕ್ಯಾತ್ಸಂದ್ರ ಸೀಮೆ:
ಬನ್ನಿ. ಯಾವುದು ರಾಕು ಯಾವುದು ಅಲ್ಲ ಅಂತ ಗಾಡಿಯಲ್ಲಿ ಶುರು ಮಾಡೋ ಹಾಗಿಲ್ಲ.