ಕಪ್ಪತಗುಡ್ಡದ ಹೂವು, ಡಂಬಳದ ಕೆರೆ: ಒಂದೇ ದಿನದಲ್ಲಿ ನೋಡಲಾದೀತೇ?

ಪ್ರಶ್ನೆ (ಹುಬ್ಬಳ್ಳಿ):
ಸಾತಾರಾ ಜಿಲ್ಲೆಯ ಕಾಸ್ ಪ್ರಸ್ಥಭೂಮಿಯ ಕೆರೆ ಮತ್ತು ಹೂವುಗಳ ಚಿತ್ರಗಳನ್ನು ನೋಡಿದಾಗಿನಿಂದ ತಾಯಿಯವರಿಗೆ ಅಂಥದೊಂದು ನೋಟವನ್ನು ತೋರಿಸಬೇಕೆಂಬ ಆಸೆ ಇದೆ. ಆದರೆ ಅವರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು ಬೇರೆ. ಅಷ್ಟು ದೂರದ ಪ್ರಯಾಣ ಅವರಿಂದಾಗದು. ಭಾನುವಾರ ನಸುಕಿನಲ್ಲಿ ಹೊರಟು ರಾತ್ರಿಯ ಊಟಕ್ಕೆ ಮನೆ ಸೇರುವಂತೆ ಕಪ್ಪತಗುಡ್ಡವನ್ನೂ ಡಂಬಳದ ಕೆರೆಯನ್ನೂ ನೋಡಿ ಬರಬಹುದೇ? ಯಾವ ತಿಂಗಳು ಒಳ್ಳೆಯದು?

ಉತ್ತರ (ಮುಂಡರಗಿ):
ಧಾರಾಳವಾಗಿ ಬನ್ನಿ. ಆದರೆ ಕಾಸ್ ಪ್ರಸ್ಥಭೂಮಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ನಿರಾಸೆಯಾದೀತು. ಅಲ್ಲಿ ಜಂಬಿಟ್ಟಿಗೆಯ ಹಾಸುಬಂಡೆಯ ಮೇಲೆ ಮಣ್ಣಿನ ಪದರ ತೀರ ತೆಳುವಾಗಿರುವುದರಿಂದ ಮರಗಳು ಬೇರೂರಲಾರವು. ಹೀಗಾಗಿ ಮಳೆಗಾಲದಲ್ಲಿ ಗಿಡ್ಡ ಸಸ್ಯಗಳೇ ಒಟ್ಟಾಗಿ ಅರಳಿ ಜಮಖಾನೆ ಹಾಸಿದಂತೆ ಕಾಣುತ್ತವೆ. ಕಪ್ಪತಗುಡ್ಡದ್ದು ಕುರುಚಲು ಕಾಡು. ಇಲ್ಲಿ ಹೂವನ್ನು ಮುಳ್ಳುಪೊದೆಗಳ ನಡುವೆ ಹುಡುಕಿ ನೋಡಬೇಕು, ನನಗಂತೂ ಆ ಹುಡುಕಾಟವೇ ಹೆಚ್ಚು ಇಷ್ಟ. ಹೊನ್ನಾವರಿಕೆಯ ಹಳದಿ (ಕೆಲವರು ತಂಗಡಿ ಎನ್ನುತ್ತಾರೆ) ರಸ್ತೆಯಿಂದಲೇ ಕಾಣುತ್ತದೆ. ತುಂಬೆಯನ್ನು ನೋಡಲು ಬಗ್ಗಬೇಕು. ಎಲೆಯ ತುದಿಯನ್ನೇ ಸುರುಳಿಯಾಗಿಸಿ ಪಕ್ಕದ ಪೊದೆಯನ್ನು ಹಿಡಿದು ಮೇಲೇರುವ ಗೌರಿ ಹೂವಿನ ಬಳ್ಳಿ ಕಣ್ಣಿಗೆ ಬಿದ್ದರೆ ಸ್ವಲ್ಪ ಹೊತ್ತು ನಿಲ್ಲಿ. ಬೆಂಕಿಯ ನಾಲಗೆಯಂತೆ ಮೇಲಕ್ಕೆ ಬಾಗಿದ ಅದರ ಆರು ಎಸಳುಗಳು ಮೊದಲು ಹಸಿರುಹಳದಿಯಾಗಿದ್ದು, ದಿನ ಕಳೆದಂತೆ ಕೆಂಪಾಗುತ್ತವೆ. ಆದರೆ ಆ ಗಿಡವೆಲ್ಲ ವಿಷ, ಗಡ್ಡೆಯಂತೂ ಘೋರ ವಿಷ. ಮಕ್ಕಳು ಜೊತೆಗಿದ್ದರೆ ಮೊದಲೇ ಎಚ್ಚರಿಸಿ.

ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಬರಬಹುದು. ಒಂದೆರಡು ಹದಮಳೆಯಾಗಿ ಎರಡು ಮೂರು ವಾರ ಕಳೆದಿದ್ದರೆ ಉತ್ತಮ.

ಉತ್ತರ (ಗದಗ):
ತಾಯಿಯವರನ್ನು ಗುಡ್ಡ ಹತ್ತಿಸುವ ಅಗತ್ಯವೇ ಇಲ್ಲ. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಡಂಬಳಕ್ಕೆ ಇನ್ನೂ 20 ಕಿ.ಮೀ. ಚಿಲ್ಲರೆ. ಬೆಳಗಿನ ತಂಪಿನಲ್ಲಿ ಗುಡ್ಡದ ಬಳಿಯ ಡೋಣಿ ಗ್ರಾಮದ ಕಡೆಯ ರಸ್ತೆಯ ಬದಿಯಲ್ಲೇ ಹೂವುಗಳನ್ನು ನೋಡಿಕೊಂಡು, ಬಿಸಿಲೇರುವಷ್ಟರಲ್ಲಿ ಡಂಬಳಕ್ಕೆ ಮರಳಿ, 12ನೆಯ ಶತಮಾನದ ದೊಡ್ಡಬಸಪ್ಪನ ಗುಡಿಯ ನೆರಳಿನಲ್ಲಿ ಅವರನ್ನು ಕೂರಿಸಬಹುದು. ನಕ್ಷತ್ರದಂತೆ 24 ಮೂಲೆಗಳಿರುವ ಆ ಗುಡಿಯನ್ನು ಸುತ್ತು ಹಾಕದೆ ಬರಬೇಡಿ. ಕೆರೆಯನ್ನು ಸಂಜೆಗೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಸುಮಾರು 244 ಚದರ ಕಿ.ಮೀ. ವ್ಯಾಪ್ತಿಯ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿ ಧಾಮವಾಗಿದೆ. ರಸ್ತೆ ಬಿಟ್ಟು ಒಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು. ಔಷಧಿಯ ಗಿಡವೆಂದು ಬೇರುಸಹಿತ ಕಿತ್ತು ಚೀಲಕ್ಕೆ ತುಂಬುವವರನ್ನು ಕಂಡು ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ, ತಮ್ಮನ್ನು ಕುರಿತಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೊನ್ನಾವರಿಕೆಯ ಹೆಸರು ಕೇಳಿದೊಡನೆ ತಾಯಿಯವರು ಹೊರಡುವ ದಿನವನ್ನೇ ಕೇಳತೊಡಗಿದ್ದಾರೆ. ಮಧ್ಯಾಹ್ನದ ಊಟಕ್ಕೆ ಏನು ಮಾಡುವುದು?

ಉತ್ತರ (ಮುಂಡರಗಿ):
ರೊಟ್ಟಿ ಬುತ್ತಿ ಕಟ್ಟಿಕೊಂಡೇ ಬನ್ನಿ. ನೀರೂ ಜಾಸ್ತಿ ಇರಲಿ.