ಹಳೇ ದೊಡ್ಡ ಮರಗಳ ಕಾಡು ನೋಡಬೇಕು, ಉಡುಪಿಯಿಂದ ಎಲ್ಲಿಗೆ ಹೋಗುವುದು?

ಪ್ರಶ್ನೆ: ಉಡುಪಿಯಿಂದ ಐದು ಜನ, ಒಂದು ಕಾರು. ಅಮ್ಮನಿಗೆ 66, ಮಗಳಿಗೆ 8. ಜಲಪಾತ, ಸೂರ್ಯಾಸ್ತ ಸಿಗದಿದ್ದರೂ ಬೇಸರ ಇಲ್ಲ. ಘಟ್ಟದ ಹಳೇ ದೊಡ್ಡ ಮರಗಳನ್ನು ಹತ್ತಿರದಿಂದ ನೋಡಬೇಕು ಅಂತ ಆಸೆ. ಇರುವುದು ಒಂದೇ ದಿನ. ಕುದುರೆಮುಖ ಶಿಖರಕ್ಕೆ ಬುಕ್ ಮಾಡುವುದಾ, ಆಗುಂಬೆ ಸಾಕಾ? ಯಾವ ತಿಂಗಳು ಒಳ್ಳೆಯದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೆಬ್ರಿಯಿಂದ: ಶಿಖರ ಬಿಟ್ಟುಬಿಡಿ. ಮರ ನೋಡಬೇಕಾದರೆ ಗುಡ್ಡದ ತುದಿಗಲ್ಲ, ಬುಡಕ್ಕೆ ಹೋಗಬೇಕು. ಕುದುರೆಮುಖದ ನೆತ್ತಿ ಸುಮಾರು 1890 ಮೀಟರ್ ಎತ್ತರ. ಅಲ್ಲಿ ಗಾಳಿ ಜೋರು, ಮಣ್ಣು ತೆಳು. ಮರ ಇರುವುದು ನೀರು ಇಳಿಯುವ ಸಂದುಗಳಲ್ಲಿ ಮಾತ್ರ, ಅದೂ ಗಿಡ್ಡವಾಗಿ, ಪಾಚಿ ಹಿಡಿದು, ಗಂಟುಗಂಟಾಗಿ. ಉಳಿದದ್ದೆಲ್ಲ ಹುಲ್ಲು. ಹುಲ್ಲಿನ ನಡುವಿನ ಆ ಗಿಡ್ಡ ಮರಗಳ ಗುಂಪೇ ಶೋಲಾ ಕಾಡು. ಚಂದ ಹೌದು, ಆದರೆ ನೀವು ಕೇಳಿದ್ದು ಅದಲ್ಲ. ಮೇಲಾಗಿ ಮುಳ್ಳೋಡಿಯಿಂದ ಹೋಗಿಬರಲು 20 ಕಿ.ಮೀ. ಹತ್ತಿರ ನಡಿಗೆ, ಅಮ್ಮನಿಗೂ ಮಗುವಿಗೂ ಆಗುವ ಕೆಲಸ ಅಲ್ಲ.

40 ಮೀಟರ್ ಎತ್ತರಕ್ಕೆ ಹೋಗುವ ಮರಗಳು ಇರುವುದು ಅದಕ್ಕಿಂತ ತಗ್ಗಿನಲ್ಲಿ, ಸೋಮೇಶ್ವರದಿಂದ ಆಗುಂಬೆವರೆಗಿನ ಪಟ್ಟಿಯಲ್ಲಿ. ಉಡುಪಿಯಿಂದ ಹೆಬ್ರಿ, ಸೀತಾನದಿ, ಸೋಮೇಶ್ವರ ದಾಟಿ ಆಗುಂಬೆಗೆ 55 ಕಿ.ಮೀ. ಆಸುಪಾಸು. ಆಗುಂಬೆ ಪೇಟೆ ಇರುವುದೇ 650 ಮೀಟರ್ ಎತ್ತರದಲ್ಲಿ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ಜಾಗ, ಮರ ಹಾಗೆ ಬೆಳೆಯದೆ ಇನ್ನೇನು?

ನಡೆಯಲು ಎರಡು ದಾರಿ ಉಂಟು. ಸೀತಾನದಿಯ ಪ್ರಕೃತಿ ಶಿಬಿರದಲ್ಲಿ ಉಳಿದುಕೊಂಡು, ಕಾಡು ಗೊತ್ತಿದ್ದವರ ಜೊತೆ ಹೋಗುವುದು ಒಂದು. ಒಂದೇ ದಿನ ಅಂದರೆ ಆಗುಂಬೆಯಿಂದ ಬರ್ಕಣ ರಸ್ತೆಯಲ್ಲಿ 3 ಕಿ.ಮೀ. ಹೋಗಿ ಜೋಗಿಗುಂಡಿಯ ಕಾಲುದಾರಿ ಹಿಡಿಯುವುದು. ಸೋಮೇಶ್ವರ ಅಭಯಾರಣ್ಯದ ಒಳಗೆ ಬೇರೆ ಎಲ್ಲಿಗೆ ಕಾಲಿಡುವುದಾದರೂ ಮೊದಲು ಅನುಮತಿ ಬೇಕು. ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಕಾರ್ಕಳದಲ್ಲಿದೆ, ಅಲ್ಲಿ ವಿಚಾರಿಸಿ. ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಮರ ನೋಡುತ್ತೇವೆ ಅನ್ನಬೇಡಿ. ರಸ್ತೆ ಅಗಲ ಇಲ್ಲ, ಎದುರಿಂದ ಮಿನಿಬಸ್ ಬಂದರೆ ಹಿಂದೆ ಸರಿಯಲೂ ಜಾಗ ಇರುವುದಿಲ್ಲ.

ಇನ್ನು ತಿಂಡಿ. ಬೆಳಿಗ್ಗೆ ಬನ್ಸ್, ಗೋಳಿಬಜೆ ಹೊಟ್ಟೆ ತುಂಬ ತಿಂದು ಘಟ್ಟ ಹತ್ತಿದರೆ ಐದನೇ ತಿರುವಿಗೇ ಮಗು ವಾಂತಿ ಮಾಡುತ್ತದೆ. ಎರಡು ಇಡ್ಲಿ ಸಾಕು. ಪೆಟ್ರೋಲ್ ಹೆಬ್ರಿಯಲ್ಲೇ ತುಂಬಿಸಿ, ಮ್ಯಾಪ್ ಮನೆಯಲ್ಲೇ ಇಳಿಸಿಕೊಳ್ಳಿ. ಸೋಮೇಶ್ವರ ದಾಟಿದರೆ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಮಂಗಳೂರಿನಿಂದ: ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ: ಹೋಗುವ ಮೊದಲು ಒಂದು ಭಾನುವಾರ ಮಂಗಳೂರಿನ ಪಿಲಿಕುಳದ ಸಸ್ಯೋದ್ಯಾನಕ್ಕೆ ಹೋಗಿ ಬನ್ನಿ. ಘಟ್ಟದ ಜಾತಿಗಳನ್ನು ಅಲ್ಲಿ ನೆಟ್ಟು ಬೆಳೆಸಿದ್ದಾರೆ. ಎಲೆ ಕೈಗೆ ಎಟಕುವ ಎತ್ತರದಲ್ಲಿ ನೋಡಿಕೊಂಡರೆ ಕಾಡಿನಲ್ಲಿ ಗುರುತು ಹಿಡಿಯುವುದು ಸುಲಭ. ಕಾಡಿನಲ್ಲಿ 30 ಮೀಟರ್ ಮೇಲಿರುವ ಎಲೆ ಯಾರ ಕಣ್ಣಿಗೆ ಕಾಣುತ್ತದೆ? ಬುಡ ನೋಡಿಯೇ ಹೇಳಬೇಕು. ಬಲಗಿ ಮರಕ್ಕೆ ಬುಡದ ಸುತ್ತ ಊರುಗೋಲು ಕೊಟ್ಟ ಹಾಗೆ ಬೇರುಗಳಿರುತ್ತವೆ. ಹೆಬ್ಬಲಸು, ನಮ್ಮ ತುಳುವಿನ ಪೆಜ, ತೊಗಟೆ ಗಾಯವಾದಲ್ಲಿ ಬಿಳಿ ಹಾಲು ಸುರಿಸುತ್ತದೆ. ಸಾಲುಧೂಪದಲ್ಲಿ ಒಸರಿ ಗಟ್ಟಿಯಾದ ಅಂಟು ಕಾಣುತ್ತದೆ, ಮೂಸಿದರೆ ಧೂಪದ ವಾಸನೆ. ನಾಗಸಂಪಿಗೆಯ ಚಿಗುರು ಕೆಂಪು, ದೂರಕ್ಕೂ ಗೊತ್ತಾಗುತ್ತದೆ. ನೋಡಲಿಕ್ಕೆ ಅಂತ ಚಾಕುವಿನಿಂದ ಕೆರೆಯಬೇಡಿ; ತೊಗಟೆಯ ಕೆಳಗಿನ ತೆಳು ಪದರವೇ ಮರ ದಪ್ಪವಾಗುವ ಜಾಗ, ಅಲ್ಲಿಂದಲೇ ಅಣಬೆ ರೋಗ ಒಳಗೆ ಹೋಗುವುದು.

"ಈ ಮರಕ್ಕೆ 500 ವರ್ಷ" ಅಂತ ಯಾರಾದರೂ ಹೇಳಿದರೆ ಕೇಳಿ ಸುಮ್ಮನಿರಿ. ತೇಗದಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ವರ್ಷಪೂರ್ತಿ ಹಸಿರಾಗಿರುವ ಈ ಕಾಡಿನ ಹೆಚ್ಚಿನ ಜಾತಿಗಳಲ್ಲಿ ಹಾಗೆ ಮೂಡುವುದಿಲ್ಲ, ಎಣಿಸಿ ಹೇಳಲು ಆಗುವುದಿಲ್ಲ. ದಪ್ಪ ಇದ್ದದ್ದೆಲ್ಲ ಮುದಿಯೂ ಅಲ್ಲ. ಇನ್ನೊಂದು ಮರವನ್ನು ತಬ್ಬಿ ಕೊಲ್ಲುವ ಗೋಳಿಮರ (ಆಲದ ಜಾತಿ) ಬೇಗ ಹರಡುತ್ತದೆ; ನೆರಳಲ್ಲಿ ತೊಡೆಯಷ್ಟೇ ದಪ್ಪ ನಿಂತ ಮರ ಅದಕ್ಕಿಂತ ಹಳೆಯದಿರಬಹುದು. ಮಗಳಿಗೆ ಅಳೆಯುವ ಆಸೆ ಇದ್ದರೆ ಟೇಪ್ ಒಯ್ಯಿರಿ. ಅರಣ್ಯದವರು ಸುತ್ತಳತೆ ತೆಗೆಯುವುದು ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಬುಡದ ಬೇರು ಹಲಗೆಯಂತೆ ಎದ್ದಿದ್ದರೆ ಅದು ಮುಗಿದ ಮೇಲೆ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ವಿಪರೀತ ಜಾಸ್ತಿ ಬರುತ್ತದೆ.

ಕಾರ್ಕಳದಿಂದ: ಬಜಗೋಳಿ, ಮಾಳದ ಮೇಲೆ ಶೃಂಗೇರಿ ಕಡೆ ಹೋಗುವ ರಸ್ತೆಯಲ್ಲೂ ಕಾಡು ಬಹಳ ಚೆನ್ನಾಗಿದೆ. ಆದರೆ ಅದು ರಾಷ್ಟ್ರೀಯ ಉದ್ಯಾನದ ನಡುವಿನ ರಸ್ತೆ. ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಆಚೆ ಗೇಟಿಗೆ ತಡವಾಗಿ ತಲುಪಿದರೆ ದಂಡ. ಅಂದರೆ ಇಳಿದು ನಿಂತು ನೋಡುವ ಹಾಗಿಲ್ಲ. ಕಿಟಕಿಯಿಂದ ನೋಡಿದರೆ ಸಾಕು ಅನ್ನುವವರಿಗೆ ಮಾತ್ರ.

ತೀರ್ಥಹಳ್ಳಿಯಿಂದ: ತಿಂಗಳ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದುಂಟು. ಅಕ್ಟೋಬರಿನಲ್ಲಿ ಉಂಬಳ (ನೆಲದ ಜಿಗಣೆ) ಇನ್ನೂ ಜೋರು. ಜನವರಿಯಿಂದ ಮೇವರೆಗೆ ಮಂಗನ ಕಾಯಿಲೆ ಹೆಚ್ಚಿರುವ ಕಾಲ. ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ರೋಗ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪ ಕಡೆ ಮರುಕಳಿಸುತ್ತಲೇ ಇದೆ. ಹಾಗಾಗಿ ನವೆಂಬರ್ ಕೊನೆ, ಡಿಸೆಂಬರ್ ಮೊದಲ ಎರಡು ವಾರ. ಯಾವಾಗ ಹೋದರೂ ಪೂರ್ತಿ ತೋಳು, ಉದ್ದ ಪ್ಯಾಂಟ್, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಕಂಕುಳು, ಮಂಡಿಯ ಹಿಂಭಾಗ, ಮಗುವಿನ ಕಿವಿ ಹಿಂದೆ ಉಣುಗು ಇದೆಯಾ ಹುಡುಕಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಉಂಬಳಕ್ಕೆ ವೂಲನ್ ಸಾಕ್ಸ್ ಪ್ರಯೋಜನ ಇಲ್ಲ, ಹೆಣಿಗೆಯ ಸಂದಿನಲ್ಲಿ ನುಸುಳುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮಂಡಿವರೆಗಿನದ್ದು ಬೇಕು. ಹೊರಗೆ ಬೇವಿನೆಣ್ಣೆ ಹಚ್ಚಿ. ಕಚ್ಚಿದರೆ ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ತಾಗಿಸಿ ಸಪೂರ ತುದಿಯ ಕಡೆಯಿಂದ ಸರಿಸಿ, ಬಿಡುತ್ತದೆ. ಉಪ್ಪು ಹಾಕಿದರೆ ಕುಡಿದದ್ದನ್ನು ಗಾಯಕ್ಕೇ ಕಕ್ಕುತ್ತದೆ.

ಪ್ರಶ್ನೆ ಕೇಳಿದವರು: ತುಂಬ ಉಪಕಾರ ಆಯ್ತು. ಅಮ್ಮ ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಉಂಬಳ ಕಚ್ಚಿದರೆ?

ತೀರ್ಥಹಳ್ಳಿಯಿಂದ: ಹಾಗಾದರೆ ಅಮ್ಮ ಕಾಲುದಾರಿಗೆ ಇಳಿಯುವುದು ಬೇಡ. ಉಂಬಳ ಬಿಟ್ಟ ಮೇಲೂ ಅದರ ಎಂಜಲಿನಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮಾತ್ರೆಯೂ ಸೇರಿದರೆ ರಕ್ತ ನಿಲ್ಲಲು ಬಹಳ ಹೊತ್ತು ಬೇಕು. ಡಾಂಬರು ರಸ್ತೆ ಬಿಟ್ಟು ಇಳಿಯದೆ ಇದ್ದರೆ ತೊಂದರೆ ಇಲ್ಲ, ಬರ್ಕಣ ರಸ್ತೆಯ ಅಂಚಿನಲ್ಲೇ ಒಳ್ಳೆಯ ಮರಗಳಿವೆ.

ಹೆಬ್ರಿಯಿಂದ: ಉಡುಪಿ 6ಕ್ಕೆ ಬಿಡಿ. ಎಲೆಗಳ ಅಡಿಗೆ ಬೆಳಕು ಇಳಿಯುವುದೇ ಅಲ್ಪ, ಮಧ್ಯಾಹ್ನ 4ಕ್ಕೆ ಒಳಗೆ ಕತ್ತಲು. 11ರಿಂದ 1ರ ನಡುವೆ ನೋಡುವುದು ಮುಗಿಸಿ. ಗಾಳಿ ಎದ್ದರೆ ಹಳೇ ಮರದ ಕೆಳಗೆ ನಿಲ್ಲಬೇಡಿ, ಒಣಕೊಂಬೆ ಸದ್ದಿಲ್ಲದೆ ಬೀಳುತ್ತದೆ. ಸಿಂಗಳೀಕ ಕಂಡರೆ ಬಾಳೆಹಣ್ಣು ಎಸೆಯಬೇಡಿ, ರಸ್ತೆಗೆ ಬಂದು ವಾಹನದಡಿ ಸಾಯುತ್ತವೆ. 4ರ ಒಳಗೆ ಘಟ್ಟ ಇಳಿದುಬಿಡಿ. ಆಮೇಲೆ ಸೂರ್ಯಾಸ್ತಕ್ಕೆ ಹತ್ತುವ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ.